ತೊಂಬತ್ತು ಸೆಕೆಂಡು ನಿಂತವರು

ಹನ್ನೊಂದು ತಾಸು ಕಾದ ಪಾದಚಾರಿಯ ನೆನಪು ಅವನಿಗೆ ಹಲ್ಲುಜ್ಜುವಾಗ ಬಂತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಕನ್ನಡಿಯಲ್ಲಿ ನಕ್ಕ. ನಕ್ಕ ಮುಖ ಸರಿ ಕಾಣದೆ ತಲೆ ತಗ್ಗಿಸಿ ಉಗುಳಿದ. ಮೂರು ವರ್ಷದ ಹಿಂದಿನ ಮಾತು. ವಿಶ್ವವಿದ್ಯಾಲಯದಲ್ಲಿ ಅವನ ಸಂಶೋಧನಾ ತಂಡ ಆಗಷ್ಟೇ ಕಣ್ಣು ಬಿಡುತ್ತಿತ್ತು. ರಸ್ತೆ ದಾಟುವ ಜಾಗಗಳಲ್ಲಿ ಕ್ಯಾಮೆರಾ ಇಡುವುದು, ಅಲ್ಲಿ ನಿಂತ ಜನರನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು, ಅವರು ಕಾದದ್ದನ್ನು ಲೆಕ್ಕ ಹಾಕಿ ದಾಟುವ ದೀಪವನ್ನು ಅದೇ ತರಿಸುವಂತೆ ಮಾಡುವುದು: ಕೆಲಸ ಇಷ್ಟೇ, ಹೇಳುವುದಕ್ಕೆ. ಮೊದಲ ವಾರವೇ ಒಬ್ಬ ಪಾದಚಾರಿ ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ಒಂದೇ ಜಾಗದಲ್ಲಿ ಕಾದನೆಂದು ಆ ಕಂಪ್ಯೂಟರ್ ಮಾಡೆಲ್ ವರದಿ ಒಪ್ಪಿಸಿತು. ಅವನಿಗಾಗಿ ದೀಪ ಮತ್ತೆ ಮತ್ತೆ ಹಸಿರಾಗಿತ್ತು, ಅವನು ದಾಟಿರಲಿಲ್ಲ, ವಾಹನಗಳು ಮೈಲಿಗಟ್ಟಲೆ ಸಾಲು ನಿಂತಿದ್ದವು. ಹೋಗಿ ನೋಡಿದರೆ ಬಟ್ಟೆ ಅಂಗಡಿಯವನು ಬಾಗಿಲಾಚೆ ನಿಲ್ಲಿಸಿದ್ದ ಕೋಟು ತೊಟ್ಟ ಬೊಂಬೆ. ತಂಡವೆಲ್ಲ ಚಹಾದ ಲೋಟ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕಿತ್ತು. ಆಗ ಅವನೇ ಅಂದದ್ದು: "ತೊಂಬತ್ತು ಸೆಕೆಂಡು ಅಲ್ಲಾಡದೆ ನಿಂತಿದ್ದೆಲ್ಲ ಕಂಬ ಅಂತ ತಿಳ್ಕೊಳ್ಳಿ. ಮನುಷ್ಯ ಆಗಿದ್ರೆ ಅಷ್ಟೊತ್ತಿಗೆ ನಮಗೆ ಬೈಕೊಂಡು ದಾಟಿರ್ತಾನೆ." ಇನ್ನೊಮ್ಮೆ ನಗು. ನಗುವಿನ ಮೇಲೆ ಕೈಯಾಡಿಸಿದಂತೆ "ಬರ್ಕೊಳ್ಳಿ" ಎಂದೂ ಅಂದಿದ್ದ. ಯಾರು ಬರೆದುಕೊಳ್ಳಬೇಕು, ಯಾರ ಹೆಸರಿನಲ್ಲಿ ಎಂದು ಹೇಳಿರಲಿಲ್ಲ.

ಬರೆದುಕೊಳ್ಳುವುದಕ್ಕೆ ಅವನ ಲ್ಯಾಬಿನಲ್ಲಿ ಒಂದು ಪುಸ್ತಕವಿತ್ತು. ಉದ್ದನೆಯ, ರಟ್ಟು ಕಟ್ಟಿದ, ನೀಲಿ ಗೆರೆಯ ಪುಸ್ತಕ. ದತ್ತಾಂಶದಿಂದ ಏನನ್ನಾದರೂ ಕಿತ್ತುಹಾಕುವುದಿದ್ದರೆ ಅದಕ್ಕೊಂದು ನಿಯಮ ಬೇಕು, ಆ ನಿಯಮವನ್ನು ಪೆನ್ನಿನಲ್ಲಿ ಇಲ್ಲಿ ಬರೆಯಬೇಕು: ಕ್ರಮಸಂಖ್ಯೆ, ನಿಯಮ, ಕಾರಣ, ಹೇಳಿದವರ ಹೆಸರು. ಹೊಡೆದುಹಾಕುವಂತಿಲ್ಲ, ಅಳಿಸುವಂತಿಲ್ಲ, ತಪ್ಪಾಗಿದ್ದರೆ ಕೆಳಗೆ ಇನ್ನೊಂದು ಸಾಲು. ಬಂದ ಅತಿಥಿಗಳಿಗೆಲ್ಲ ಅವನು ಆ ಪುಸ್ತಕ ತೋರಿಸುತ್ತಿದ್ದ. "ಕೋಡನ್ನ ಯಾರು ಬೇಕಾದ್ರೂ ಸದ್ದಿಲ್ಲದೆ ತಿದ್ದಬಹುದು, ಶಾಯಿಗೆ ಸದ್ದಿದೆ" ಎನ್ನುವ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಅದು ಆ ಕ್ಷಣಕ್ಕೆ ಹೊಳೆದದ್ದೆಂಬಂತೆ ಹೇಳುವ ಹದವೂ ಅವನಿಗೆ ಸಿದ್ಧಿಸಿತ್ತು. ಹದಿನೇಳನೆಯ ಸಾಲು ಬೊಂಬೆಯದು. ಇಪ್ಪತ್ತಮೂರು ದಿನದ ಹಿಂದೆ ಬಂದ ಇಮೇಲಿನ ವಿಷಯವೂ ಅದೇ. ತಂಡದ ಹಿರಿಯ ಸಂಶೋಧಕಿ ಬರೆದದ್ದು. ಯಾರು ಏನು ಹೇಳಿದರೂ "ಆದ್ರೆ ಸರ್, ಒಂದು ವಿಷಯ" ಎಂದು ಕೆಳಗಿನಿಂದ ಎಳೆಯುತ್ತಾಳೆಂದು ಎಲ್ಲರೂ ಅವಳನ್ನು ಅಡಿಟಿಪ್ಪಣಿ ಎಂದೇ ಕರೆಯುತ್ತಿದ್ದರು, ಅವಳೂ ಓ ಎನ್ನುತ್ತಿದ್ದಳು. ನಾಲ್ಕೇ ಸಾಲಿನ ಇಮೇಲು. ಹದಿನೇಳನೆಯ ನಿಯಮ ಬೊಂಬೆಗಳ ಜೊತೆಗೆ ಬಹಳ ಹೊತ್ತು ಕಾಯುವ ಮನುಷ್ಯರನ್ನೂ ಕಿತ್ತುಹಾಕುತ್ತಿದೆ. ಜನ ಕಾಯುವ ಸರಾಸರಿ ಹೊತ್ತು ನಲವತ್ತೇಳು ಸೆಕೆಂಡಿನಿಂದ ಇಪ್ಪತ್ತೊಂಬತ್ತಕ್ಕೆ ಇಳಿಯಿತೆಂದು ನಾವು ಹೇಳುತ್ತಿದ್ದೇವೆ. ಅವರನ್ನು ಮತ್ತೆ ಸೇರಿಸಿದರೆ ಐವತ್ತೆರಡಾಗುತ್ತದೆ. ನಾವು ಬರುವ ಮೊದಲು ಇದ್ದದ್ದಕ್ಕಿಂತ ಹೆಚ್ಚು, ಸರ್. ಅವನು ಅದನ್ನು ಓದಿದ. ಓದಿದ ಮೇಲೆ, ಓದಿಲ್ಲವೆಂದು ಗುರುತು ಮಾಡಿಟ್ಟ. ಮರುದಿನ ಮತ್ತೆ ಓದಿದ, ಮತ್ತೆ ಓದಿಲ್ಲವೆಂದು ಗುರುತು ಮಾಡಿದ. ಯಾರಿಗೆ ತೋರಿಸಲು? ಅವನ ಇಮೇಲ್ ಪೆಟ್ಟಿಗೆಯನ್ನು ಅವನಲ್ಲದೆ ಬೇರೆ ಯಾರೂ ತೆರೆಯುತ್ತಿರಲಿಲ್ಲ.

"ಮೇಷ್ಟ್ರೇ, ಎಷ್ಟೊತ್ತು ಆ ಕನ್ನಡಿ ಮುಂದೆ? ಮುಖ ಸವೆದುಹೋಗುತ್ತೆ" ಎಂದು ಅಡುಗೆಮನೆಯಿಂದ ಅಕ್ಕ ಕೂಗಿದಳು. ಮನೆಯಲ್ಲಿ ಅವರಿಬ್ಬರೇ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವಳು. ಈಗ ಅವಳ ದೊಡ್ಡ ಕೆಲಸವೆಂದರೆ ಬೆಳಿಗ್ಗೆ ಹನ್ನೊಂದಕ್ಕೆ ಮನೆಯ ಮುಂದಿನ ಮುಖ್ಯರಸ್ತೆ ದಾಟಿ ಎದುರಿನ ವಾಚನಾಲಯಕ್ಕೆ ಹೋಗಿ ಎಲ್ಲ ಪತ್ರಿಕೆ ಓದಿ, ಒಂದಕ್ಕೆ ಮತ್ತೆ ದಾಟಿ ಬರುವುದು. ಎಡ ಮೊಣಕಾಲು ಮಡಚುವುದಿಲ್ಲ. ತನ್ನ ಮನೆಯ ಹತ್ತಿರದ್ದೆಂದೇ ಅವನು ಆ ದಾಟುಜಾಗವನ್ನು ಪ್ರಯೋಗಕ್ಕೆ ಮೊದಲು ಆರಿಸಿದ್ದ, ಹೋಗಿ ಬಂದು ನೋಡಲು ಸುಲಭವೆಂದು. ನೋಡಿದ್ದು ಕಡಿಮೆ. ಆರು ತಿಂಗಳ ಹಿಂದೆ ಅಕ್ಕ ಊಟಕ್ಕೆ ಕೂತಾಗ ಹೇಳಿದ್ದಳು, "ನಾನೊಬ್ಳೇ ನಿಂತ್ರೆ ನಿನ್ನ ದೀಪ ಬರೋದೇ ಇಲ್ಲ ಕಣೋ. ಬೇರೆ ಯಾರಾದ್ರೂ ಬಂದು ನಿಂತ್ರೆ ತಟ್ಟನೆ ಬರುತ್ತೆ. ಬಂದ್ರೂ ಹದಿನಾಲ್ಕೇ ಎಣಿಕೆ. ನಾನು ಹದಿನಾಲ್ಕು ಅನ್ನೋ ಹೊತ್ತಿಗೆ ನಡುರಸ್ತೇಲಿರ್ತೀನಿ. ಅದಕ್ಕೇ ಮೊದಲನೇ ದೀಪ ಬಿಟ್ಟು, ಕೈ ಹಿಡಿಯೋರು ಯಾರಾದ್ರೂ ಸಿಗ್ತಾರಾ ಅಂತ ನಿಲ್ತೀನಿ. ನಿಂತ್ಕೊಂಡ್ರೆ ಅದಕ್ಕೆ ನಾನು ಮರೆತೇ ಹೋಗ್ತೀನಿ." ಅವನು ತಟ್ಟೆಯಿಂದ ತಲೆ ಎತ್ತದೆ, ಕಾಯುವವರಿಗೆ ಹೊತ್ತು ಉದ್ದವಾಗಿ ಕಾಣುತ್ತದೆಂಬುದನ್ನು ವಿವರಿಸಿದ್ದ. ನೆನಪು ತೊಂದರೆಯಾದ ದಿನಗಳನ್ನು ಮಾತ್ರ ಎತ್ತಿಟ್ಟುಕೊಳ್ಳುತ್ತದೆ ಎಂದಿದ್ದ. "ಒಬ್ಬರ ಅನುಭವ ದತ್ತಾಂಶ ಅಲ್ಲ ಅಕ್ಕಾ." ಅವಳು, "ಒಬ್ಬಳು ನಿಂತಾಗ ಒಬ್ಬಳ ಅನುಭವವೇ ತಾನೆ ಇರೋದು" ಎಂದಿದ್ದಳು. ಅವನಿಗೆ ನಗು ಬಂದಿತ್ತು. ಮರುವಾರದ ಭಾಷಣವೊಂದರಲ್ಲಿ, ಸಾಮಾನ್ಯರಿಗೆ ಅಂಕಿಅಂಶ ಅರ್ಥಮಾಡಿಸುವ ಕಷ್ಟದ ಬಗ್ಗೆ ಮಾತಾಡುತ್ತ, ಆ ಮಾತನ್ನೇ ಹೇಳಿ ಸಭೆಯನ್ನೂ ನಗಿಸಿದ್ದ.

"ಇವತ್ತೇ ಅಲ್ವೇನೋ ಆ ದೊಡ್ಡ ಮೇಡಂ ಬರೋದು?" ಅಕ್ಕ ಕಾಫಿ ಮುಂದಿಟ್ಟಳು. ಅವನು ಹೌದೆಂದ. ನಗರಪಾಲಿಕೆಯ ಕಮಿಷನರ್, ಅವರ ಜೊತೆ ಸಿಗ್ನಲ್ ವಿಭಾಗದ ಎಂಜಿನಿಯರ್. ಲ್ಯಾಬಿನ ದೊಡ್ಡ ಸ್ಕ್ರೀನಿನಲ್ಲಿ ನಮ್ಮ ರಸ್ತೆಯನ್ನೇ ನೇರವಾಗಿ ನೋಡುತ್ತಾರೆ. ಮೆಚ್ಚಿಕೊಂಡರೆ ಇನ್ನೂರ ನಲವತ್ತು ಕಡೆ ಇದನ್ನೇ ಹಾಕುತ್ತಾರೆ, ಸೋಮವಾರದಿಂದ. "ಎಷ್ಟೊತ್ತಿಗೆ ನೋಡೋದು?" "ಹನ್ನೊಂದು, ಹನ್ನೊಂದೂಕಾಲು." "ಓ" ಎಂದಳು ಅಕ್ಕ. ಆ ಓ ಎನ್ನುವುದರಲ್ಲಿ ಏನೋ ಇತ್ತು. ಅವನಿಗೆ ಟೈ ಸಿಗುತ್ತಿರಲಿಲ್ಲವಾದ್ದರಿಂದ ಗಮನಿಸಲಿಲ್ಲ.

ಲ್ಯಾಬಿನ ಮೇಜುಗಳನ್ನೆಲ್ಲ ಒರೆಸಿ, ವೈರುಗಳನ್ನು ಕಾಲಿಗೆ ಸಿಗದಂತೆ ಅಂಟುಪಟ್ಟಿಯಿಂದ ಕಟ್ಟಿದ್ದರು. ಹೂದಾನಿ ಯಾರು ತಂದರೋ. ಕಮಿಷನರ್ ಮೇಡಂ ಅವನು ಎಣಿಸಿದ್ದಕ್ಕಿಂತ ಕುಳ್ಳಗಿದ್ದರು, ಅವನು ಎಣಿಸಿದ್ದಕ್ಕಿಂತ ಬೇಗ ನಗುತ್ತಿದ್ದರು. ಎಂಜಿನಿಯರ್ ಮಾತ್ರ ತೆಳ್ಳಗೆ, ಕಿಸೆಯಲ್ಲಿ ಪುಟ್ಟ ಟಿಪ್ಪಣಿ ಪುಸ್ತಕ ಇಟ್ಟುಕೊಂಡ ಮನುಷ್ಯ. ಸ್ಕ್ರೀನನ್ನು ನೋಡುವ ಮೊದಲು ಸ್ಕ್ರೀನಿನ ಹಿಂದಿನ ಪ್ಲಗ್ಗನ್ನು ನೋಡಿದ. ಇಂಥವರನ್ನು ಕಂಡರೆ ಅವನಿಗೆ ಒಂದು ಬಗೆಯ ಗೌರವ, ಅದರ ಬೆನ್ನಿಗೇ ಒಂದು ಬಗೆಯ ಭಯ. ಅಡಿಟಿಪ್ಪಣಿ ಕೀಬೋರ್ಡಿನ ಮುಂದೆ ಕೂತಿದ್ದಳು. ಅವಳು ಬೆಳಿಗ್ಗೆಯಿಂದ ಒಂದು ಆದ್ರೆಯನ್ನೂ ಹೇಳಿರಲಿಲ್ಲ. ಅದು ಅವನಿಗೆ ನೆಮ್ಮದಿ ಕೊಡಬೇಕಿತ್ತು. ಅವನು ಪುಸ್ತಕ ತೋರಿಸಿದ, ಶಾಯಿಯ ಸದ್ದಿನ ಮಾತು ಹೇಳಿದ, ಮೇಡಂ ತಲೆದೂಗಿದರು, ನಲವತ್ತೇಳು ಇಪ್ಪತ್ತೊಂಬತ್ತಾದ ಗೆರೆಚಿತ್ರ ಬಂದು ಹೋಯಿತು. ಆಮೇಲೆ ರಸ್ತೆ ಬಂತು. ತನ್ನ ರಸ್ತೆ ಗೋಡೆಯಗಲ ಬಂದು ನಿಂತಾಗ ಅವನಿಗೆ ಯಾವಾಗಲೂ ಆಗುವ ಹೆಮ್ಮೆ ಆಯಿತು: ಔಷಧಿ ಅಂಗಡಿಯ ಬೋರ್ಡಿನ ಅಕ್ಷರ ಓದಬಹುದು, ಪಾರಿವಾಳದ ಕಾಲು ಎಣಿಸಬಹುದು. ಜನರ ಸುತ್ತ ಹಸಿರು ಚೌಕ, ಚೌಕದ ತಲೆಯ ಮೇಲೆ ಅವರು ಕಾದ ಸೆಕೆಂಡು. ಇಬ್ಬರು ವಿದ್ಯಾರ್ಥಿನಿಯರು, ಹನ್ನೆರಡು. ಚೀಲ ಹಿಡಿದವನು, ಏಳು. ದೀಪ ಬಂತು, ದಾಟಿದರು, ಚೌಕಗಳು ಅವರೊಂದಿಗೆ ರಸ್ತೆಯ ಮೇಲೆ ಜಾರಿ ಆಚೆ ದಡ ಸೇರಿದವು. "ಚೆನ್ನಾಗಿದೆ" ಎಂದರು ಮೇಡಂ. ಈ ದಡದಲ್ಲಿ ಒಂದು ಚೌಕ ಉಳಿದಿತ್ತು. ಮೂವತ್ತೊಂದು.

ಹಳದಿ ಶಾಲು. ಅವನ ಮೊದಲ ವಿದೇಶ ಸಮ್ಮೇಳನದಿಂದ ತಂದುಕೊಟ್ಟದ್ದು, ಇಷ್ಟು ಒಳ್ಳೆಯದನ್ನು ಎಲ್ಲಿಗೆ ಹೊದ್ದುಕೊಂಡು ಹೋಗಲೋ ಎಂದು ಅಕ್ಕ ಬೀರುವಿನಲ್ಲಿ ಇಟ್ಟದ್ದು. ಮಡಿಕೆಯ ಗೆರೆಗಳು ಉದ್ದಕ್ಕೊಂದು ಅಡ್ಡಕ್ಕೊಂದು ಇನ್ನೂ ಹಾಗೇ ಇದ್ದವು. ಅವನ ಕ್ಯಾಮೆರಾಕ್ಕೆ ಅವೂ ಕಾಣುತ್ತಿದ್ದವು. ರಸ್ತೆಯಲ್ಲಿ ಹೋಗುವವರು ಯಾರೂ ಕ್ಯಾಮೆರಾ ನೋಡುವುದಿಲ್ಲ, ಮೂರು ವರ್ಷದಲ್ಲಿ ಲಕ್ಷಗಟ್ಟಲೆ ತಲೆಗಳನ್ನು ಅವನು ಮೇಲಿನಿಂದಷ್ಟೇ ಕಂಡಿದ್ದ. ಅಕ್ಕ ತಲೆ ಎತ್ತಿ ನೇರವಾಗಿ ಕಂಬದ ತುದಿಯನ್ನು ನೋಡುತ್ತಿದ್ದಳು. ಗಾಳಿಗೆ ಹಾರಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು. ಫೋಟೋ ತೆಗೆಸಿಕೊಳ್ಳುವವರು ನಗುತ್ತಾರಲ್ಲ, ತುಟಿ ಮುಚ್ಚಿಕೊಂಡು, ಹಾಗೆ ನಕ್ಕಳು. ಗೋಡೆಯಗಲದ ಅಕ್ಕ ಗೋಡೆಯಗಲ ನಕ್ಕಳು. ಅರವತ್ತೆರಡು, ಅರವತ್ತಮೂರು. ಯಾರಾದರೂ ಬಂದು ಪಕ್ಕದಲ್ಲಿ ನಿಲ್ಲಲಿ ಎಂದು ಹಾರೈಸಿದ. ಒಬ್ಬರಿಗಾದರೆ ದೀಪ ತಡ, ಇನ್ನೊಬ್ಬರು ನಿಂತರೆ ಬರುತ್ತದೆ, ದೀಪ ಬಂದರೆ ಜನ ಕೈ ಹಿಡಿಯುತ್ತಾರೆ. ಹಾರೈಸುತ್ತಿರುವಾಗಲೇ, ಅವಳು ಊಟದ ಹೊತ್ತಿಗೆ ಹೇಳಿದ್ದನ್ನೇ ತಾನೀಗ ನಂಬಿ ನಿಂತಿದ್ದೇನೆಂದು ತಿಳಿಯಿತು. ಎಂಬತ್ತು. ಇಷ್ಟು ವರ್ಷ ಅವನು ಎಣಿಕೆಯನ್ನು ಬೇರೆಯವರ ಮೇಲೆ ನೋಡಿದ್ದ. ಎಂಬತ್ತೆಂಟು. ಅಕ್ಕ ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಅಷ್ಟು ಅಲ್ಲಾಟ ಮಾಡೆಲ್‌ಗೆ ಸಾಲದು. ತೊಂಬತ್ತು. ಹಸಿರು ಚೌಕ ತೆಳ್ಳಗಾಯಿತು, ಹೋಯಿತು. ಅಕ್ಕ ನಗುತ್ತಲೇ ಇದ್ದಳು.

"ಆ ಯಮ್ಮ ಯಾಕೆ ಹಾಗೆ ಮೇಲೆ ನೋಡ್ತಿದಾರೆ?" ಎಂದರು ಮೇಡಂ. "ಮೋಡ ನೋಡ್ತಿದಾರೇನೋ, ಹವಾಮಾನ ಇಲಾಖೆಯವರಿರ್ಬೇಕು." ಎಲ್ಲರೂ ನಕ್ಕರು. ಅವನೂ ನಕ್ಕ. ತನ್ನ ನಗು ಉಳಿದವರ ನಗುವಿಗಿಂತ ಅರೆಕ್ಷಣ ಹೆಚ್ಚು ಕಾಲ ಕೇಳಿಸಿತು. ಎಂಜಿನಿಯರ್ ನಕ್ಕಿರಲಿಲ್ಲ. "ಸರ್, ಚೌಕ ಹೋಯ್ತಲ್ಲ. ಮನುಷ್ಯರು ಇದಾರೆ, ಚೌಕ ಇಲ್ಲ." ಕೀಬೋರ್ಡಿನ ಮೇಲೆ ಅಡಿಟಿಪ್ಪಣಿಯ ಬೆರಳುಗಳು ನಿಂತವು. ಅವಳು ಅವನ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದಳು. ಅಕ್ಕನ ಊರುಗೋಲಿಗೆ ಹೊಸ ರಬ್ಬರ್ ತುದಿ ಹಾಕಿಕೊಟ್ಟವಳೇ ಅವಳು. ಅವಳು ಅವನತ್ತ ತಿರುಗಲಿಲ್ಲ. ಆ ತಿರುಗದ ಬೆನ್ನಿನ ಮುಂದೆ ಅವನು ಹೇಳಿದ, "ದಾಟೋ ಉದ್ದೇಶ ಇಲ್ಲದವರನ್ನ ವ್ಯವಸ್ಥೆ ಬಿಟ್ಟುಬಿಡುತ್ತೆ. ಸುಮ್ಮನೆ ನಿಂತಿರೋರು ಇರ್ತಾರಲ್ಲ." ಎಂಜಿನಿಯರ್ ಕೇಳಿದ, "ಯಾರವರು? ದಿನಾ ಹೀಗೆ ನಿಲ್ತಾರಾ?" "ಗೊತ್ತಿಲ್ಲ, ಯಾರೋ" ಎಂದ ಅವನು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಕೆಲವರಿಗೆ ಹೊತ್ತು ಹೋಗಲ್ಲ ನೋಡಿ" ಎಂದೂ ಸೇರಿಸಿದ. ಎಂಜಿನಿಯರ್ ಟಿಪ್ಪಣಿ ಪುಸ್ತಕ ತೆಗೆದ. "ಬಿಟ್ಟುಬಿಡೋಕೆ ನಿಯಮ ಇದೆಯಾ? ಯಾರು ಮಾಡಿದ್ದು?" "ಹುಡುಗರು ಮಾಡಿದ್ದು" ಎಂದಿತು ಅವನ ಬಾಯಿ. "ಪುಸ್ತಕದಲ್ಲಿದೆ, ಹೆಸರು ಸಮೇತ." "ಆ ಪುಟದ ಒಂದು ಪ್ರತಿ ಇವತ್ತೇ ಬೇಕು ಸರ್. ಅದನ್ನ ನೋಡದೆ ಇನ್ನೂರ ನಲವತ್ತಕ್ಕೆ ನಾನು ಸಹಿ ಹಾಕಲ್ಲ. ಮಾಡಿದವರ ಹತ್ರ ನಾನೇ ಮಾತಾಡ್ತೀನಿ." ಮೇಡಂ ಗಡಿಯಾರ ನೋಡಿಕೊಂಡು, "ಇವರು ಹೀಗೇ, ಗಾಬರಿ ಆಗ್ಬೇಡಿ" ಎಂದು ಬಿಸ್ಕತ್ತು ತೆಗೆದುಕೊಂಡರು. ಗೋಡೆಯ ಮೇಲೆ, ಚೌಕವಿಲ್ಲದೆ, ಅಕ್ಕ ಇನ್ನೂ ನಿಂತಿದ್ದಳು. ಯಾರೋ ಸ್ಕ್ರೀನ್ ಆರಿಸಿದರು. ತಾನೇ ಕಣ್ಣಿನಿಂದ ಸನ್ನೆ ಮಾಡಿದ್ದೆಂದು ಅವನಿಗೆ ಆಮೇಲೆ ನೆನಪಾಯಿತು.

ಮಧ್ಯಾಹ್ನ ಅವನು ಬಾಗಿಲು ಹಾಕಿಕೊಂಡು ಕೂತ. ತಪ್ಪು ಎಂಥದೆಂದು ವಿಜ್ಞಾನದ ಮಾತಿನಲ್ಲಿ ಹೇಳಿಕೊಂಡರೆ ಹಗುರಾಗಬಹುದೇ ಎಂದು ನೋಡಿದ. ಮಾದರಿಯ ಆಯ್ಕೆಯಲ್ಲಿ ಓರೆ. ಯಾರು ಹೆಚ್ಚು ಕಾಯುತ್ತಾರೋ ಅವರೇ ಲೆಕ್ಕದಿಂದ ಹೊರಗೆ. ಹೊರಗೆ ಹೋದಷ್ಟೂ ಲೆಕ್ಕ ಚೆನ್ನ. ಲೆಕ್ಕ ಚೆನ್ನಾದಷ್ಟೂ ಅವರು ಇನ್ನಷ್ಟು ಕಾಯಬೇಕು. ಮೊದಲ ವರ್ಷದವರಿಗೆ ಪಾಠಕ್ಕೆ ಇಡುವಂಥ ತಪ್ಪು. ಇಟ್ಟೂ ಇದ್ದ, ಪ್ರತಿವರ್ಷ, ಯುದ್ಧದಿಂದ ಮರಳಿ ಬಂದ ವಿಮಾನಗಳನ್ನಷ್ಟೇ ಎಣಿಸಿ ಬಿದ್ದವನ್ನು ಮರೆತವರ ಉದಾಹರಣೆ ಕೊಟ್ಟು. ಆದರೆ ಅವನನ್ನು ಕುಟುಕುತ್ತಿದ್ದದ್ದು ಅದಲ್ಲ. ಕೆಲವರಿಗೆ ಹೊತ್ತು ಹೋಗಲ್ಲ ಎನ್ನುವ ಮಾತು. ಅದನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಅದನ್ನು ಅವನು ಚೆನ್ನಾಗಿರಲಿ ಎಂದು ಸೇರಿಸಿದ್ದ. ಬಾಗಿಲು ತಟ್ಟಿ ಅಡಿಟಿಪ್ಪಣಿ ಬಂದಳು; ಪುಟದ ಪ್ರತಿಯನ್ನು ಲಕೋಟೆಯಲ್ಲಿಟ್ಟು ತಂದಿದ್ದಳು. ಲಕೋಟೆಯ ಬಾಯಿ ಅಂಟಿಸಿರಲಿಲ್ಲ.

"ಹೇಳಿದವರು ಅನ್ನೋ ಕಡೆ ನನ್ನ ಹೆಸರಿದೆ ಸರ್" ಎಂದಳು. "ಆವತ್ತು ಬರ್ಕೊಳ್ಳಿ ಅಂದ್ರಿ, ಪೆನ್ನು ನನ್ನ ಹತ್ರ ಇತ್ತು. ನಾನು ಸೇರಿ ಎರಡು ವಾರ ಆಗಿತ್ತು. ಯಾರ ಹೆಸರು ಅಂತ ಕೇಳೋಕೆ ನಾಚಿಕೆ ಆಯ್ತು."

"ಗೊತ್ತು."

"ಹಾಗಾದ್ರೆ ಆ ನಿಯಮದ ತಪ್ಪೂ ಗೊತ್ತಿತ್ತು. ನೀವು ಇಮೇಲ್ ಓದಿಲ್ಲ ಅನ್ಕೊಂಡಿದ್ದೆ."

ಅವನು ಲಕೋಟೆಯನ್ನು ಮೇಜಿನ ಅಂಚಿಗೆ ಸಮನಾಗಿ ಜೋಡಿಸಿದ. ಅವಳ ಥೀಸಿಸ್ ಮುಂದಿನ ತಿಂಗಳು. ಪರೀಕ್ಷಕರ ಪಟ್ಟಿಯಲ್ಲಿ ಪಾಲಿಕೆಯ ಒಬ್ಬರು ಇದ್ದೇ ಇರುತ್ತಾರೆ. ಇಬ್ಬರಿಗೂ ಗೊತ್ತಿತ್ತು. "ದೂರದಿಂದ ನನಗೆ ಸರಿಯಾಗಿ ಕಾಣಲಿಲ್ಲ" ಎಂದ ಅವನು, ಕೇಳದ ಪ್ರಶ್ನೆಗೆ. ಪಾರಿವಾಳದ ಕಾಲು ಎಣಿಸಬಹುದಾದ ಸ್ಕ್ರೀನಿನ ಬಗ್ಗೆ. ಅವಳು "ಆದ್ರೆ ಸರ್," ಎಂದಳು. ಮುಂದೆ ಏನೂ ಹೇಳದೆ ಹೋದಳು. ಅವಳು ಅಡಿಟಿಪ್ಪಣಿಯನ್ನು ಖಾಲಿ ಬಿಟ್ಟದ್ದನ್ನು ಅವನು ಅದೇ ಮೊದಲು ಕಂಡದ್ದು.

ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಐದೂವರೆಗೆ ಮನೆಗೆ ಬಂದ. ದಾಟುಜಾಗದ ಹತ್ತಿರ ಬರುವಾಗ ಕಂಬದ ಕಡೆ ನೋಡಲಿಲ್ಲ. ಜನ ಗುಂಪಾಗಿದ್ದರು, ದೀಪ ಬೇಗ ಬಂತು, ಅವನು ಆಚೆ ಸೇರಿದಾಗ ಹದಿನಾಲ್ಕರಲ್ಲಿ ಇನ್ನೂ ಐದು ಎಣಿಕೆ ಉಳಿದಿತ್ತು. ಅಕ್ಕ ಬಾಗಿಲು ತೆಗೆದವಳೇ, ಚಪ್ಪಲಿ ಬಿಡುವುದಕ್ಕೂ ಬಿಡದೆ, "ನಾನು ಕಾಣಿಸಿದ್ನೇನೋ?" ಎಂದಳು. ಶಾಲು ಇನ್ನೂ ಹೆಗಲ ಮೇಲಿತ್ತು. ಇಡೀ ದಿನ ತೆಗೆದಿಟ್ಟಿರಲಿಲ್ಲ.

"ಕಾಣಿಸ್ದೆ."

"ಚೆನ್ನಾಗಿ ಕಾಣಿಸಿದ್ನಾ? ಮುಖ ಕತ್ತಲಾಗಿತ್ತೇನೋ ಅನ್ಕೊಂಡೆ, ಬಿಸಿಲು ಹಿಂದಿತ್ತು. ಹತ್ತೂ ಐವತ್ತಕ್ಕೇ ಹೋಗಿ ನಿಂತಿದ್ದೆ. ಮಧ್ಯೆ ನೆರಳಿಗೆ ಹೋಗಿ ಬಂದೆ ಅನ್ನು. ಒಬ್ಬ ಆಟೋದವನು ಬಂದು, ಅಮ್ಮಾ ಯಾರಿಗೆ ಕಾಯ್ತಿದೀರಿ ಅಂದ. ನಮ್ಮ ತಮ್ಮನಿಗೆ ಅಂದೆ. ತಮ್ಮ ಎಲ್ಲಿದಾನೆ ಅಂದ. ಅಗೋ ಅಲ್ಲಿ ಅಂತ ಕಂಬ ತೋರಿಸ್ದೆ. ತಲೆ ಕೆಟ್ಟಿದೆ ಅನ್ಕೊಂಡು ಹೋದ." ಅವಳು ನಗುತ್ತ ಕುರ್ಚಿಯಲ್ಲಿ ಕೂತು ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮಣೆಯ ಮೇಲೆ ಇಟ್ಟುಕೊಂಡಳು. ಮೊಣಕಾಲು ಊದಿತ್ತು. "ಮೇಡಂ ನೋಡಿದ್ರಾ? ಯಾರು ಅಂತ ಕೇಳಿದ್ರಾ?"

ಸುಳ್ಳು ತಯಾರಾಗಿಯೇ ಇತ್ತು, ಚಿಕ್ಕದು, ಮೃದುವಾದದ್ದು, ಯಾರಿಗೂ ಕೇಡಿಲ್ಲದ್ದು. ಅದನ್ನು ಹೇಳಿದರೆ ಅಕ್ಕ ಇಂದು ಸುಖವಾಗಿ ಊಟ ಮಾಡುತ್ತಾಳೆ. ಅದೆಷ್ಟು ಸರಾಗವಾಗಿ ನಾಲಿಗೆಯ ತುದಿಗೆ ಬಂದು ನಿಂತಿತ್ತೆಂಬುದೇ ಅವನಿಗೆ ಹೇಸಿಗೆಯಾಯಿತು.

"ಕೇಳಿದ್ರು. ಗೊತ್ತಿಲ್ಲ ಅಂದೆ."

ಅಕ್ಕ ಶಾಲು ತೆಗೆದಳು. ಮಡಿಲಲ್ಲಿಟ್ಟು, ಹಳೆಯ ಮಡಿಕೆಯ ಗೆರೆಗಳ ಮೇಲೆಯೇ, ಉದ್ದಕ್ಕೊಂದು ಅಡ್ಡಕ್ಕೊಂದು, ನಿಧಾನವಾಗಿ ಮಡಚಿದಳು. ಎರಡನೆಯ ಮಡಿಕೆ ಓರೆಯಾಯಿತು. ಬಿಚ್ಚಿ ಮತ್ತೆ ಮಡಚಿದಳು. "ಅಷ್ಟು ಜನರ ಮುಂದೆ ಹೇಗೆ ಹೇಳ್ತೀಯ ಬಿಡು" ಎಂದಳು. ಶಾಲಿನ ಅಂಚು ಸವರುತ್ತ, "ನಮ್ಮಕ್ಕ ಅಂತ ಹೇಳ್ದಿದ್ರೆ ಹೋಗ್ಲಿ ಕಣೋ. ಕಾಲು ನೋವಿನವಳು ಅಂತಾದ್ರೂ ಹೇಳ್ಬೇಕಿತ್ತು. ದೀಪ ಇನ್ನೊಂದು ಹತ್ತು ಎಣಿಕೆ ಹೆಚ್ಚಿಡ್ತಿದ್ರೇನೋ."

ಅವನು ಒಳಗೆ ಹೋಗಿ ಲಕೋಟೆಯಿಂದ ಪುಟ ತೆಗೆದ. ಹದಿನೇಳು. ತೊಂಬತ್ತು ಸೆಕೆಂಡಿಗಿಂತ ಹೆಚ್ಚು ಅಲ್ಲಾಡದೆ ನಿಂತದ್ದನ್ನು ಕಂಬವೆಂದು ತಿಳಿಯುವುದು. ಕಾರಣ: ಬೊಂಬೆ. ಆಮೇಲೆ ಹೊಸದಾಗಿ ಸೇರಿದವಳ ದುಂಡನೆಯ ಅಕ್ಷರದಲ್ಲಿ ಅವಳ ಹೆಸರು. ಆ ಹೆಸರಿನಿಂದ ಅವನು ಅವಳನ್ನು ಕರೆದು ಎಷ್ಟು ಕಾಲವಾಗಿತ್ತೋ. ಕೆಳಗೆ ಇನ್ನೊಂದು ಸಾಲು ಬರೆಯುವುದೇ ಪುಸ್ತಕದ ಕ್ರಮ, ಆದರೆ ಇದು ಪ್ರತಿ, ಪುಸ್ತಕ ಲ್ಯಾಬಿನಲ್ಲಿತ್ತು. ನಾಳೆ ಬರೆಯಬಹುದು. ನಾಳೆ ಎನ್ನುವುದು ಬಂದೊಡನೆ ಅದು ಎಂಥ ನಾಳೆ ಎಂದು ಅವನಿಗೆ ಗೊತ್ತಾಯಿತು. ಇಪ್ಪತ್ತಮೂರು ನಾಳೆಗಳನ್ನು ಅವನು ಓದಿಲ್ಲವೆಂದು ಗುರುತು ಮಾಡಿದ್ದ. ನಡುಮನೆಗೆ ಬಂದು, ಅಕ್ಕನ ಎದುರಿಗೇ ನಿಂತು, ಎಂಜಿನಿಯರಿಗೆ ಫೋನ್ ಮಾಡಿದ. ಅಕ್ಕನ ಎದುರಿಗೆ ಯಾಕೆ? ಧೈರ್ಯಕ್ಕೋ, ಅವಳು ಕೇಳಲಿ ಎಂದೋ? ತಪ್ಪೊಪ್ಪಿಕೊಳ್ಳುವಾಗಲೂ ನೋಡುವವರು ಬೇಕೆನ್ನುವ ತನ್ನ ಚಾಳಿ ಅವನಿಗೆ ಕಂಡಿತು. ಆದರೂ ಗಂಟೆ ಹೊಡೆಯುತ್ತಿತ್ತು.

"ಹೇಳಿ ಸರ್, ಪುಟ ಇನ್ನೂ ಬಂದಿಲ್ಲ" ಎಂದ ಎಂಜಿನಿಯರ್.

"ಕಳಿಸ್ತೀನಿ. ಅದರಲ್ಲಿರೋ ಹೆಸರು ತಪ್ಪು. ನಿಯಮ ಹೇಳಿದ್ದು ನಾನು. ಆ ಹುಡುಗಿ ಬರೆದುಕೊಂಡಳು ಅಷ್ಟೆ. ಅದು ತಪ್ಪು ಅಂತ ಮೂರು ವಾರದ ಹಿಂದೆ ನನಗೆ ತಿಳಿಸಿದ್ದೂ ಅವಳೇ. ಇಪ್ಪತ್ತೊಂಬತ್ತು ಅಲ್ಲ, ಐವತ್ತೆರಡು. ನಾವು ಬಂದ ಮೇಲೆ ಜನ ಹೆಚ್ಚು ಕಾಯ್ತಿದಾರೆ. ಸೋಮವಾರ ಎಲ್ಲೂ ಹಾಕ್ಬೇಡಿ." ಅಕ್ಕನ ಕಡೆ ತಿರುಗಿದ. "ಬೆಳಿಗ್ಗೆ ಕೇಳಿದ್ರಲ್ಲ, ಹಳದಿ ಶಾಲು, ಯಾರು ಅಂತ. ನಮ್ಮಕ್ಕ. ಎಡ ಮೊಣಕಾಲು ಮಡಚಲ್ಲ. ಹದಿನಾಲ್ಕು ಸೆಕೆಂಡಲ್ಲಿ ಅವಳಿಗೆ ಆ ರಸ್ತೆ ದಾಟೋಕಾಗಲ್ಲ."

ಆ ಕಡೆ ಮಾತಿಲ್ಲ. ಬರೆದುಕೊಳ್ಳುತ್ತಿದ್ದಾನೋ, ಮೇಡಂ ಹತ್ತಿರವೇ ಕೂತಿದ್ದಾರೋ, ಫೋನನ್ನು ಕೆಳಗಿಟ್ಟನೋ. ಅವನಿಗರಿವಿಲ್ಲದೆ ಎಣಿಕೆ ಶುರುವಾಗಿತ್ತು. ಆರು. ಏಳು. ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಅವನನ್ನೇ ನೋಡುತ್ತಿದ್ದಳು, ಬೆಳಿಗ್ಗೆ ಕಂಬವನ್ನು ನೋಡಿದ ಹಾಗೆ, ಆದರೆ ನಗದೆ. ಹನ್ನೆರಡು. ಹದಿಮೂರು. ಹದಿನಾಲ್ಕಾದಾಗ ಅವನು ರಸ್ತೆಯ ನಡುವೆಯೇ ಇದ್ದ.

"ಕೇಳು" ಎಂದಳು ಅಕ್ಕ, ಮೂವತ್ತು ವರ್ಷದ ಕೆಲಸದ ದನಿಯಲ್ಲಿ. "ಲೈನಲ್ಲಿದೀರಾ ಅಂತ ಕೇಳು. ಹತ್ತು ಸೆಕೆಂಡಿಗೊಂದು ಸಲ ಕೇಳ್ತಾ ಇರ್ಬೇಕು. ಇಲ್ದಿದ್ರೆ ಕಾಯೋನಿಗೆ, ತಾನು ಇದ್ದೀನೋ ಇಲ್ವೋ ಅಂತ ಅನುಮಾನ ಬಂದ್ಬಿಡುತ್ತೆ."

"ಲೈನಲ್ಲಿದೀರಾ?" ಎಂದ ಅವನು.